ಟೈಟಲ್ ಕಾರ್ಡಿನ ಭಾವ

ಸಿನಿಮಾ ಅಭಿಮಾನಿಗಳಲ್ಲಿ ಎರಡು ಜಾತಿ. ಮೊದಲನೆಯವರು ಕಟೌಟಿಗೆ ಹಾಲೆರೆಯುವವರು, ಕ್ರೇನಿನಲ್ಲಿ ಹಾರ ಏರಿಸುವವರು, ಮೊದಲ ದಿನದ ಮೊದಲ ಆಟಕ್ಕೆ ನುಗ್ಗಿ ಅಂಗಿ ಹರಿದುಕೊಳ್ಳುವವರು. ಇವರಿಂದ ಲೋಕಕ್ಕೆ ಅಂಥ ತೊಂದರೆಯೇನಿಲ್ಲ. ಶುಕ್ರವಾರ ಕುಣಿದು, ಭಾನುವಾರಕ್ಕೆ ಗಂಟಲು ಕಟ್ಟಿ, ಸೋಮವಾರ ತೆಪ್ಪಗೆ ಕೆಲಸಕ್ಕೆ ಹೋಗುತ್ತಾರೆ. ಎರಡನೆಯವರು ಕುಣಿಯುವುದಿಲ್ಲ, ಶಿಳ್ಳೆ ಹೊಡೆಯುವುದಿಲ್ಲ. ಇಸ್ತ್ರಿ ಕೆಡದ ಅಂಗಿ ತೊಟ್ಟು ನಿಮ್ಮ ಪಕ್ಕದ ಸೀಟಿನಲ್ಲೇ ಸಭ್ಯವಾಗಿ ಕೂತಿರುತ್ತಾರೆ. ಅವರಿಗೆ ಎಲ್ಲ ಗೊತ್ತಿರುತ್ತದೆ. ತೊಂದರೆ ಅಲ್ಲಿಂದಲೇ ಶುರು.

ಈ ಎರಡನೇ ಜಾತಿಯವರು ವಠಾರಕ್ಕೊಬ್ಬರು, ಆಫೀಸಿಗೊಬ್ಬರು ಇದ್ದೇ ಇರುತ್ತಾರೆ. ಬಚ್ಚಲಲ್ಲಿ ನೀವು ಹಳೇ ಹಾಡೊಂದನ್ನು ಗುನುಗಿದರೆ ಸಾಕು, ಬರೆದವರು ಯಾರು, ಸಂಗೀತ ಯಾರದು, ಯಾವ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು ಎಂದು ಬಾಗಿಲ ಆಚೆಯಿಂದಲೇ ಪರೀಕ್ಷೆ ಶುರುವಾಗುತ್ತದೆ. ಬೇರೆಯವರು ಮನೆ ಬದಲಾಯಿಸಿಯೋ ವರ್ಗ ಮಾಡಿಸಿಕೊಂಡೋ ತಪ್ಪಿಸಿಕೊಳ್ಳಬಹುದು. ನನಗೆ ಆ ಅನುಕೂಲವಿಲ್ಲ. ನನ್ನ ಪಾಲಿಗೆ ಬಂದವರು ಷಡ್ಡಕರು, ಹೆಂಡತಿಯ ಅಕ್ಕನ ಗಂಡ.

ಭಾವನಿಗೆ ಕ್ರಿಸ್ತಶಕವೂ ಬೇಡ, ಶಾಲಿವಾಹನ ಶಕವೂ ಬೇಡ. ಅವರ ಪಂಚಾಂಗ ಚಿತ್ರಗಳ ಬಿಡುಗಡೆಯ ಮೇಲೆ ನಡೆಯುತ್ತದೆ. ಅವರು ಹುಟ್ಟಿದ್ದು ‘ಬೇಡರ ಕಣ್ಣಪ್ಪ’ ಬಂದ ವರ್ಷ, ಅಂದರೆ 1954. ಹೈಸ್ಕೂಲಿನಲ್ಲಿ ಮೊದಲ ಸಲ ಡುಮ್ಕಿ ಹೊಡೆದದ್ದು ‘ಭಾಗ್ಯದ ಬಾಗಿಲು’ ಬಂದಾಗ, 1968ರಲ್ಲಿ. ಅದು ರಾಜ್‌ಕುಮಾರ್ ಅವರ ನೂರನೇ ಚಿತ್ರವಾದ್ದರಿಂದ ಡುಮ್ಕಿಗೆ ಕಾರಣ ಹೇಳಬೇಕಾಗಿಲ್ಲ ಎಂದು ಭಾವನ ವಾದ. ನನ್ನ ಮದುವೆಯಾದದ್ದು 1995ರಲ್ಲಿ. ನಮ್ಮ ಆಲ್ಬಂ ನೋಡಿದವರು ‘ಯಾವ ಇಸವಿ?’ ಎಂದರೆ ನಾನು ಬಾಯಿ ತೆರೆಯುವ ಮುಂಚೆಯೇ ಭಾವ ‘ಓಂ’ ಎನ್ನುತ್ತಾರೆ. ಕೇಳಿದವರು ಮಂತ್ರವೇನೋ ಎಂದು ಕೈಮುಗಿದದ್ದೂ ಉಂಟು. ‘ನಿಮ್ಮ ಮದುವೆ ಒಂದೇ ಸಲ ಆಯ್ತು ನೋಡಿ. ಉಪೇಂದ್ರನ ಪಿಕ್ಚರು ನೂರಾರು ಸಲ ರಿಲೀಸಾಯ್ತು’ ಎಂದು ನನ್ನ ಹೆಂಡತಿಯ ಎದುರಿಗೇ ಸಮಾಧಾನ ಬೇರೆ ಹೇಳುತ್ತಾರೆ.

ಎಲ್ಲ ವರ್ಷಗಳಿಗಿಂತ ಪವಿತ್ರವಾದದ್ದು 1972. ‘ಬಂಗಾರದ ಮನುಷ್ಯ’ ಬಂದದ್ದು ಆ ವರ್ಷ, ‘ನಾಗರಹಾವು’ ಬಂದದ್ದೂ ಆ ವರ್ಷವೇ. ಭಾವನ ಎಟಿಎಂ ಪಿನ್ 1972 ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತು. ಖಾತೆಯಲ್ಲಿ ದುಡ್ಡಿಲ್ಲವೆಂಬುದೂ ಗೊತ್ತಿರುವುದರಿಂದ ಅಪಾಯವೇನಿಲ್ಲ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಆ ‘ಬಂಗಾರದ ಮನುಷ್ಯ’ ನೋಡಿ ಓದಿದ ಹುಡುಗರು ಹಳ್ಳಿಗೆ ಮರಳಿ ನೇಗಿಲು ಹಿಡಿದರೆಂದು ಹೇಳುವುದುಂಟು. ಭಾವನೂ ಗಂಟುಮೂಟೆ ಕಟ್ಟಿ ಹೊರಟಿದ್ದರಂತೆ. ತಮ್ಮ ಮನೆತನಕ್ಕೆ ಒಂದು ಗುಂಟೆ ಜಮೀನೂ ಇಲ್ಲವೆಂಬುದು ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ನೆನಪಾಯಿತಂತೆ.

ಅವರ ಜೊತೆ ಸಿನಿಮಾಕ್ಕೆ ಹೋಗುವುದು ಒಂದು ವ್ರತ. ಸೆನ್ಸಾರ್ ಸರ್ಟಿಫಿಕೇಟ್ ತೆರೆಯ ಮೇಲೆ ಮೂಡುವ ಹೊತ್ತಿಗೆ ಸೀಟಿನಲ್ಲಿರಬೇಕು. ಅದು ತಪ್ಪಿದರೆ ಚಿತ್ರ ನೋಡಿದಂತೆಯೇ ಅಲ್ಲ. ಅವರ ಕಾಲದಲ್ಲಿ ಗಾಂಧಿ ಕ್ಲಾಸಿನ ಹುಡುಗರು ಆ ಸರ್ಟಿಫಿಕೇಟಿನಲ್ಲಿದ್ದ ರೀಲಿನ ಲೆಕ್ಕ ಓದಿ ಕೂಗುತ್ತಿದ್ದರಂತೆ. ಸಾವಿರ ಅಡಿಯ ಒಂದು ರೀಲು ಎಂದರೆ ಹತ್ತು-ಹನ್ನೊಂದು ನಿಮಿಷ. ಹದಿನೆಂಟು ರೀಲು ಬಂದರೆ ಚಪ್ಪಾಳೆ, ಹದಿಮೂರಕ್ಕೆ ಇಳಿದರೆ ಕೊಟ್ಟ ದುಡ್ಡಿಗೆ ಮೋಸ. ಈಗ ರೀಲೇ ಇಲ್ಲ, ಆದರೂ ಭಾವನ ಕಣ್ಣು ಅಲ್ಲೇ ಹುಡುಕುತ್ತದೆ. ಚಿತ್ರ ಮುಗಿದ ಮೇಲೂ ಬಿಡುಗಡೆಯಿಲ್ಲ. ದೀಪ ಹತ್ತಿ, ಜನ ಖಾಲಿಯಾಗಿ, ಪೊರಕೆ ಹಿಡಿದವನು ನಮ್ಮ ಸಾಲಿನ ತುದಿಗೆ ಬಂದು ನಿಂತರೂ ಭಾವ ಓಡುವ ಹೆಸರುಗಳನ್ನು ಓದುತ್ತಿರುತ್ತಾರೆ. ಊಟ ಒದಗಿಸಿದವರ ಹೆಸರು ಬಂದು ಹೋಗುವ ತನಕ ಅವರ ಚಪ್ಪಲಿ ಕಾಲಿಗೆ ಸೇರುವುದಿಲ್ಲ. ಅಷ್ಟರಲ್ಲಿ ಹೊರಗೆ ಇದ್ದ ಒಂದೇ ಒಂದು ಆಟೋವನ್ನು ಇನ್ಯಾರೋ ಹತ್ತಿರುತ್ತಾರೆ.

ಅವರ ಅಭಿಪ್ರಾಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ಮುಖ್ಯವಾದದ್ದು ಒಂದು: ಜಗತ್ತಿನ ಒಳ್ಳೆಯ ಕತೆಗಳೆಲ್ಲ ಕನ್ನಡದಿಂದ ಹೋದವು. ಯಾರಾದರೂ ರಜನಿಕಾಂತರ ‘ಮನ್ನನ್’ ಎಂದರೆ ಭಾವ ‘ನಮ್ಮ ಅನುರಾಗ ಅರಳಿತು’ ಎನ್ನುತ್ತಾರೆ. ಚಿರಂಜೀವಿಯ ‘ಘರಾನಾ ಮೊಗುಡು’ ಎಂದರೂ ‘ಅನುರಾಗ ಅರಳಿತು’, ಹಿಂದಿಯ ‘ಲಾಡ್ಲಾ’ ಎಂದರೂ ‘ಅನುರಾಗ ಅರಳಿತು’. ಶಿವಾಜಿ ಗಣೇಶನ್ ಅವರ ‘ಅವನ್‌ದಾನ್ ಮನಿದನ್’ ಎಂದರೆ ‘ಕಸ್ತೂರಿ ನಿವಾಸ’. ಇವೆಲ್ಲ ನಿಜವೇ ಆದ್ದರಿಂದ ನಾವು ಸೋತು ಕೂರುತ್ತೇವೆ. ‘ಚಂದ್ರಮುಖಿ ಕೂಡ ನಮ್ಮ ಆಪ್ತಮಿತ್ರದಿಂದಲೇ ಹೋದದ್ದು’ ಎಂದು ಒಮ್ಮೆ ಬೀಗಿದರು. ‘ಆಪ್ತಮಿತ್ರ ಎಲ್ಲಿಂದ ಬಂತು ದೊಡ್ಡಪ್ಪ?’ ಎಂದು ನನ್ನ ಮಗ ಕೇಳಿದ. ಮಲಯಾಳದ ‘ಮಣಿಚಿತ್ರತಾಳ್’ 1993ರದು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಭಾವ ಒಳಮನೆಯತ್ತ ತಿರುಗಿ ‘ಏನೇ, ಕಾಫಿ ಆಯ್ತಾ?’ ಎಂದರು.

ಇನ್ನೊಂದು, ‘ಬಬ್ರುವಾಹನ’ದ ವಿಷಯ. 1977ರ ಆ ಚಿತ್ರದಲ್ಲಿ ಅಪ್ಪನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಇಬ್ಬರೂ ಎದುರೆದುರು ನಿಂತು ಹಾಡಿನಲ್ಲೇ ಜಗಳವಾಡುತ್ತಾರೆ. ಒಂದು ದನಿ ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜ್ ಅವರದು. ಎಷ್ಟೋ ವರ್ಷ ರಾಜ್ ಅವರಿಗೆ ಹಾಡುವ ಕಂಠವಾಗಿದ್ದವರು ಕಾಕಿನಾಡದ ಈ ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ರಾಜ್ ತಾವೇ ಹಾಡಿದ ಮೇಲೆ ಕಾಲ ಬದಲಾಯಿತು. ಯಾವ ಸಮಾರಂಭದಲ್ಲಾದರೂ ಆ ಜಗಳದ ಹಾಡು ಹಾಕಿದರೆ ಭಾವ ಅದನ್ನು ನಡುವೆ ನಿಲ್ಲಿಸಿ, ‘ಈಗ ಹಾಡಿದ್ದು ಯಾರು, ಹೇಳಿ’ ಎನ್ನುತ್ತಾರೆ. ನೆಂಟರು ಎರಡು ಪಕ್ಷವಾಗುತ್ತಾರೆ. ಒಂದು ನಾಮಕರಣದಲ್ಲಿ ಈ ಚರ್ಚೆ ಎದ್ದು, ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಮುಹೂರ್ತ ಮೀರಿ ಪುರೋಹಿತರು ಮುಖ ಊದಿಸಿಕೊಂಡಿದ್ದರು.

ಇದನ್ನೆಲ್ಲ ಸಹಿಸಬಹುದು. ಚಿತ್ರದುರ್ಗದ ಪ್ರವಾಸವನ್ನು ಮಾತ್ರ ನಾನು ಈ ಜನ್ಮದಲ್ಲಿ ಮರೆಯಲಾರೆ.

ಮಕ್ಕಳಿಗೆ ಇತಿಹಾಸ ತೋರಿಸೋಣವೆಂದು ಎರಡೂ ಸಂಸಾರ ಸೇರಿ ಟಿಟಿ ಗಾಡಿ ಮಾಡಿಕೊಂಡು ಹೊರಟೆವು. ಅತ್ತಿಗೆ ಪುಳಿಯೋಗರೆ, ಮೊಸರನ್ನ ಕಟ್ಟಿದ್ದರು. ನಾನು ಏಳು ಸುತ್ತಿನ ಕೋಟೆಯ ಬಗ್ಗೆ, 1779ರಲ್ಲಿ ಮದಕರಿ ನಾಯಕನಿಂದ ದುರ್ಗ ಹೈದರಾಲಿಯ ಕೈಸೇರಿದ ಬಗ್ಗೆ ರಾತ್ರಿಯೇ ಓದಿಕೊಂಡು ತಯಾರಾಗಿದ್ದೆ. ಬಾಗಿಲಲ್ಲೇ ಒಬ್ಬ ಗೈಡು ಗಂಟುಬಿದ್ದ. ಚುರುಕು ಹುಡುಗ. ಮೊದಲ ಸುತ್ತು ದಾಟಿದ ಮೇಲೆ, ಸಂದರ್ಭವೇ ಇಲ್ಲದೆ, ‘ವಿಷ್ಣು ಸಾರ್ ಮೊದಲನೇ ಪಿಕ್ಚರು ಇಲ್ಲೇ ತೆಗೆದಿದ್ದು ಸಾರ್’ ಎಂದುಬಿಟ್ಟ.

ಭಾವ ನಿಂತರು. ‘ನಾಯಕನಾಗಿ ಮೊದಲನೇದು ಅನ್ನು. ಅದಕ್ಕೆ ಮುಂಚೆ ವಂಶವೃಕ್ಷ ಇದೆ, 1971. ಆಗ ಅವರಿನ್ನೂ ಸಂಪತ್ ಕುಮಾರ್. ವಿಷ್ಣುವರ್ಧನ್ ಅಂತ ಹೆಸರಿಟ್ಟಿದ್ದು ಪುಟ್ಟಣ್ಣ ಕಣಗಾಲರು. ಹೂಂ, ಮುಂದಕ್ಕೆ ಹೇಳು.’

ಹುಡುಗ ಮುಂದಕ್ಕೆ ಹೇಳಲಿಲ್ಲ. ಅಲ್ಲಿಂದಾಚೆಗೆ ಹೇಳಿದ್ದೆಲ್ಲ ಭಾವನೇ. ತರಾಸು ಅವರ ಮೂರು ಕಾದಂಬರಿ ಸೇರಿ ‘ನಾಗರಹಾವು’ ಹೇಗಾಯಿತು, ಚಿತ್ರ ನೋಡಿದ ತರಾಸು ನಾಗರಹಾವನ್ನು ಕೇರೆಹಾವು ಮಾಡಿದರೆಂದು ಹೇಗೆ ಮುನಿಸಿಕೊಂಡರು, ಜಲೀಲನ ಪಾತ್ರದಲ್ಲಿ ಅಂಬರೀಷ್ ಹೇಗೆ ಬಂದರು. ಒಂದೊಂದು ಬಂಡೆಗೂ ಒಂದೊಂದು ದೃಶ್ಯ. ಮದಕರಿ ನಾಯಕ ಸುಮ್ಮನೆ ಹಿಂದೆ ಉಳಿದ. ಓಬವ್ವನ ಕಿಂಡಿಗೆ ಬಂದಾಗಲಾದರೂ ಇತಿಹಾಸ ಬಂದೀತೆಂದುಕೊಂಡೆ. ಗಂಡ ಊಟಕ್ಕೆ ಕೂತ ಹೊತ್ತಿನಲ್ಲಿ ನೀರಿಗೆಂದು ಬಂದ ಹೆಣ್ಣುಮಗಳು ಒನಕೆ ಹಿಡಿದು ವೈರಿಗಳನ್ನು ತಡೆದ ಜಾಗ. ಭಾವ ಕಿಂಡಿಯ ಮುಂದೆ ಕೈಮುಗಿದು ‘ಜಯಂತಿ’ ಎಂದರು. ‘ಹೌದು ಸಾರ್, ಜಯಂತಿ ಅಮ್ಮ’ ಎಂದು ಗೈಡೂ ಕೈಮುಗಿದ. ನನ್ನ ಕಡೆ ಇದ್ದ ಕೊನೆಯ ಸೈನಿಕನೂ ಶತ್ರುಪಾಳಯ ಸೇರಿದ್ದ.

ಆಮೇಲೆ ಸ್ಲೋ ಮೋಷನ್ ಬಂತು. ಆ ಚಿತ್ರದಲ್ಲಿ ಒಂದು ಹಾಡನ್ನು ಸ್ಲೋ ಮೋಷನ್ನಿನಲ್ಲಿ ತೆಗೆದಿದ್ದಾರೆ. ಅದರ ಗುಟ್ಟನ್ನು ಭಾವ ಮೆಟ್ಟಿಲು ಹತ್ತುತ್ತಾ ಏದುಸಿರಿನಲ್ಲೇ ವಿವರಿಸಿದರು. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮು ಓಡುತ್ತವೆ. ತೆಗೆಯುವಾಗ ಅದಕ್ಕಿಂತ ಹೆಚ್ಚು ಫ್ರೇಮು ತೆಗೆದು, ತೋರಿಸುವಾಗ 24ರಲ್ಲೇ ತೋರಿಸಿದರೆ ಓಟ ತೇಲಾಟವಾಗುತ್ತದೆ. ‘ಕ್ಯಾಮೆರಾ ಚಿಟ್ಟಿಬಾಬು!’ ಎಂದು ಬಂಡೆಗೆ ಕೇಳುವ ಹಾಗೆ ಹೇಳಿ, ಫೋನು ತೆಗೆದು ನನ್ನನ್ನು ಮೇಲಿನ ಬಂಡೆಗೆ ಅಟ್ಟಿದರು. ‘ನೀವು ಜೋರಾಗೇ ಓಡಿ ಬನ್ನಿ, ನಿಧಾನ ಮಾಡೋದು ಫೋನಿನ ಕೆಲಸ.’ ಪುಳಿಯೋಗರೆ ತಿಂದ ಹೊಟ್ಟೆ ಹೊತ್ತು, ಪರವೂರಿನ ಪ್ರವಾಸಿಗಳ ಎದುರಿಗೆ ನಾನು ರಾಮಾಚಾರಿಯಾಗಿ ಓಡಿ ಬಂದೆ. ರಾತ್ರಿ ವಿಡಿಯೋ ಹಾಕಿದರೆ ಎಲ್ಲರೂ ‘ಸ್ಲೋ ಮೋಷನ್ ಚೆನ್ನಾಗಿ ಬಂದಿದೆ’ ಎಂದರು. ಭಾವ ಸ್ಲೋ ಮೋಷನ್ ಒತ್ತುವುದನ್ನೇ ಮರೆತಿದ್ದರು.

ಹಿಂತಿರುಗುವಾಗ ಮಾತ್ರ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವಾಗಿಯೇ ಹೇಳಿದರು. ಕಾಲೇಜು ತಪ್ಪಿಸಿ ‘ನಾಗರಹಾವು’ ನೋಡಲು ಹೋಗಿದ್ದರಂತೆ. ಇಂಟರ್‌ವಲ್‌ನಲ್ಲಿ ತಿರುಗಿ ನೋಡಿದರೆ ಎರಡು ಸಾಲು ಹಿಂದೆ ತಪ್ಪಿಸಿ ಬಂದ ತರಗತಿಯ ಮೇಷ್ಟ್ರೇ ಕೂತಿದ್ದಾರೆ! ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲವೆಂಬಂತೆ ತೆರೆ ನೋಡಿದರು. ಕೊನೆಯಲ್ಲಿ ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್ ಶಿಷ್ಯನಿಗಾಗಿ ಒದ್ದಾಡುವುದನ್ನು ನೋಡುವಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀನಿದ ಸದ್ದು. ಮರುದಿನ ಹಾಜರಿ ಪುಸ್ತಕದಲ್ಲಿ ಭಾವನ ಹೆಸರಿನ ಮುಂದೆ ‘ಹಾಜರ್’ ಎಂದೇ ಇತ್ತಂತೆ. ‘ತಪ್ಪೇನ್ರೀ? ನಾವಿಬ್ಬರೂ ಒಂದೇ ಕ್ಲಾಸಲ್ಲಿ ತಾನೆ ಇದ್ದದ್ದು’ ಎಂದರು ಭಾವ.

ಅವರ ಹಾಜರಿ ತೆಗೆಯುವ ಚಟಕ್ಕೆ ಬೇರು ಅಲ್ಲೆಲ್ಲೋ ಇರಬೇಕೆಂದು ನನಗೀಗ ಅನ್ನಿಸುತ್ತದೆ. ಈಚೆಗೆ ಮನೆಯಲ್ಲಿ ಸಿನಿಮಾ ಹಾಕಿದಾಗ ನನ್ನ ಮಗ ರಿಮೋಟಿನಲ್ಲಿ ‘ಸ್ಕಿಪ್ ಇಂಟ್ರೋ’ ಒತ್ತಿದ. ಭಾವ ಅವನ ಮೇಲೆ ಹಾರಿಬಿದ್ದರು. ‘ಯಾರೋ ಹುಡುಗ ರಾತ್ರಿಯಿಡೀ ಲೈಟು ಹಿಡಿದು ನಿಂತಿರ್ತಾನೆ ಕಣೋ. ಅವನ ಹೆಸರು ಬರೋದು ಎರಡು ಸೆಕೆಂಡು. ಅದನ್ನೂ ಹಾರಿಸ್ತೀಯಲ್ಲೋ!’ ಎರಡನೇ ‘ಕೆ.ಜಿ.ಎಫ್’ ನೋಡಿ ಬಂದಾಗಲೂ ಹೀಗೇ. ‘ಶಬ್ದ ಜಾಸ್ತಿ, ಕತ್ತಲೆ ಜಾಸ್ತಿ, ತಲೆ ನೋವು ಬಂತು’ ಎಂದು ಗೊಣಗಿದವರು, ಮರುಕ್ಷಣ ಕಣ್ಣರಳಿಸಿ, ‘ಎಡಿಟರ್ ಹತ್ತೊಂಬತ್ತು-ಇಪ್ಪತ್ತರ ಹುಡುಗನಂತೆ ಕಣ್ರೀ! ಉಜ್ವಲ್ ಕುಲಕರ್ಣಿ. ಹೆಸರು ನೆನಪಿಟ್ಕೊಳ್ಳಿ’ ಎಂದರು. ಚಿತ್ರ ಇಷ್ಟವಾಗದಿದ್ದರೂ ದುಡಿದವನಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. ಹೀರೋನ ಹೆಸರಿಗೆ ಊರೆಲ್ಲ ಜೈಕಾರ ಹಾಕುತ್ತದೆ. ಉಳಿದವರ ಹೆಸರನ್ನು ಯಾರಾದರೂ ಓದಬೇಕಲ್ಲ.

ಇದನ್ನೆಲ್ಲ ಬರೆದು ನಾನು ಭಾವನಿಗೆ ಶರಣಾದೆನೆಂದು ತಿಳಿಯಬೇಡಿ. ರಾತ್ರಿ ಹತ್ತೂವರೆಗೆ ಫೋನು ಬರುವುದು ಈಗಲೂ ನಿಂತಿಲ್ಲ. ‘ಏನ್ರೀ, ಗೂಗಲ್ ಮುಟ್ಟಬೇಡಿ. ಆ ಪಿಕ್ಚರಲ್ಲಿ ಪೋಸ್ಟ್‌ಮ್ಯಾನ್ ಪಾರ್ಟು ಮಾಡಿದ್ದು ಯಾರು?’ ಗೂಗಲ್ ಅವರ ಕೈಯಲ್ಲೂ ಇದೆ, ಬೇಕಾದದ್ದು ಉತ್ತರವಲ್ಲ. ಹಿಂದೆ ಇಂಥ ಪ್ರಶ್ನೆಗಳಿಗೆ ಜಗಳವಾಡಲು ಅವರ ಆಫೀಸಿನ ಗೆಳೆಯರಿದ್ದರು. ಟೀ ಆರುವ ತನಕ ವಾದ, ಆರಿದ ಮೇಲೆ ಇನ್ನೊಂದು ಟೀ. ಅವರಲ್ಲಿ ಒಬ್ಬೊಬ್ಬರೇ ಹೊರಟುಹೋಗಿ, ಸರದಿ ನನ್ನ ತನಕ ಬಂದಿದೆ. ಉತ್ತರ ಅಗ್ಗವಾದ ಕಾಲದಲ್ಲಿ ಕೂತು ತಲೆ ಕೆರೆದುಕೊಳ್ಳಲು ಜೊತೆ ಸಿಗುವುದು ಕಷ್ಟ.

ಅದಕ್ಕೇ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ‘ಗೊತ್ತಿಲ್ಲ’ ಎಂದರೆ ಒಂದು ಗಂಟೆ ಪಾಠವಾಗುತ್ತದೆ. ಯಾವುದಾದರೂ ತಪ್ಪು ಹೆಸರು ಹೇಳಿದರೆ ಕಾಲು ಗಂಟೆಯಲ್ಲಿ ತಿದ್ದಿ, ಬಹಳ ಸಂತೋಷದಿಂದ ಮಲಗುತ್ತಾರೆ. ಮೊನ್ನೆ ನಿದ್ದೆಗಣ್ಣಿನಲ್ಲಿ ಹೇಳಿದ ಹೆಸರು ಅಕಸ್ಮಾತ್ ಸರಿಯಾಗಿಬಿಟ್ಟಿತು. ಆ ಕಡೆ ಭಾವ ಕ್ಷಣ ತಡವರಿಸಿದರು. ಮತ್ತೆ ಗಂಟಲು ಸರಿಮಾಡಿಕೊಂಡು ಕೇಳಿದರು:

‘ಹಂಗಾದ್ರೆ ಸ್ಟಿಲ್ ಫೋಟೋಗ್ರಾಫರ್ ಯಾರು, ಹೇಳಿ ನೋಡೋಣ.’