ನಾಲ್ಕು ತಾಲ್ಲೂಕು, ಒಂದು ಜೋಕಾಲಿ

(ಹಾನಗಲ್ಲಿನ ಒಂದು ಹಳೆಯ ಮನೆಯ ಪಡಸಾಲೆ. ಅಕ್ಕ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸುವವಳಾದರೂ, ಕ್ರಿಯಾಪದವನ್ನು ಆದಷ್ಟು ದೂರಕ್ಕೆ ಒಯ್ದು ನಿಲ್ಲಿಸುವ ದೀರ್ಘ ವಾಕ್ಯಶೈಲಿಯು ಕನ್ನಡ ಪಂಡಿತರಾಗಿದ್ದ ತಂದೆಯಿಂದ ಅವಳಿಗೆ ಆಸ್ತಿಯಾಗಿ ಬಂದಿದೆ. ತಮ್ಮನಿಗೂ ಅದರಲ್ಲಿ ಪಾಲುಂಟು; ಅವನು ಅದನ್ನು ವ್ಯಯಿಸುವುದು ಅಕ್ಕನಿಂದ ಏನಾದರೂ ಆಗಬೇಕಾದಾಗ ಮಾತ್ರ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ.)

ತಮ್ಮ: ಅಕ್ಕಾ, ವಿದ್ಯಾವತಿಯೂ ದಯಾಳುವೂ, ಅದಕ್ಕಿಂತ ಮಿಗಿಲಾಗಿ ಒಳ್ಳೆಯ ಕ್ಯಾಮೆರಾ ಉಳ್ಳ ಮೊಬೈಲಿನ ಒಡತಿಯೂ ಆದ ನಿನ್ನಲ್ಲಿ, ನಮ್ಮ ಬ್ಯಾಂಡಿನ ಪರವಾಗಿ ಒಂದು ಬಿನ್ನಹವುಂಟು.

ಅಕ್ಕ: ವಿಶೇಷಣಗಳ ಸಂಖ್ಯೆಯಿಂದಲೇ ವೆಚ್ಚದ ಪ್ರಮಾಣವನ್ನು ಊಹಿಸಬಲ್ಲೆ. ಹೇಳು.

ತಮ್ಮ: ಹಾಡಿನ ಧ್ವನಿಮುದ್ರಣ ಮುಗಿದಿದೆ. ನೀನು ಅದಕ್ಕೊಂದು ವಿಡಿಯೊ ಮಾಡಿಕೊಡಬೇಕು.

ಅಕ್ಕ: ಹಾಡಿಗೆ ವಿಡಿಯೊ ಏತಕ್ಕೆ? ನಮ್ಮದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳೂ, ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳೂ, ಕಣ್ಣಿನ ನೆರವು ಕಿಂಚಿತ್ತೂ ಇಲ್ಲದೆ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕುಳಿತು ನಾಡಿನ ಕಿವಿಯನ್ನೇ ತಿದ್ದಿದರಲ್ಲ!

ತಮ್ಮ: ಅವರ ಕಂಠದ ಎದುರಿಗೆ ನಮ್ಮ ಕಂಠವನ್ನು ನಿಲ್ಲಿಸಬೇಡ, ತಾಯೀ! ಕಿವಿಯು ಒಪ್ಪದೇ ಹೋದೀತೆಂಬ ಅಂಜಿಕೆಯಿಂದಲೇ ನಾವು ಕಣ್ಣಿಗೆ ಅರ್ಜಿ ಹಾಕುತ್ತಿರುವುದು.

ಅಕ್ಕ: ಪ್ರಾಮಾಣಿಕ ಉತ್ತರ. ಚಿತ್ರೀಕರಣ ಎಲ್ಲಿ?

ತಮ್ಮ: ಅಲ್ಲಿಯೇ ಬ್ಯಾಂಡು ಒಡೆಯುವ ಹಂತಕ್ಕೆ ಬಂದಿದೆ. ನಾಲ್ವರೂ ನಾಲ್ಕು ತಾಲ್ಲೂಕಿನವರು. 1997ರಲ್ಲಿ ಧಾರವಾಡದಿಂದ ಹಾವೇರಿ ಜಿಲ್ಲೆಯನ್ನು ಬೇರ್ಪಡಿಸುವಾಗಲೂ ಇಷ್ಟು ವಾಗ್ವಾದ ನಡೆದಿರಲಿಕ್ಕಿಲ್ಲ. ಡ್ರಮ್ ಬಾರಿಸುವ ಶಿಗ್ಗಾವಿಯವನು, ಕಲಾವಿದ ಟಿ.ಬಿ. ಸೊಲಬಕ್ಕನವರ ಗೊಟಗೋಡಿಯಲ್ಲಿ ನಿರ್ಮಿಸಿದ ಉತ್ಸವ್ ರಾಕ್ ಗಾರ್ಡನ್ನಿನಲ್ಲಿಯೇ ಆಗಬೇಕೆನ್ನುತ್ತಾನೆ.

ಅಕ್ಕ: ಬೇಡ. ರೊಟ್ಟಿ ಬಡಿಯುವವಳು, ಎತ್ತು ಹೊಡೆಯುವವನು, ಕಟ್ಟೆಯ ಮೇಲೆ ಹರಟುವ ಹಿರಿಯರು, ಇವರೆಲ್ಲ ಅಲ್ಲಿ ಶಿಲ್ಪಗಳಾಗಿದ್ದೂ ನಿಮ್ಮ ನಾಲ್ವರಿಗಿಂತ ಸಜೀವರಾಗಿ ತೋರುವುದರಿಂದ, ಹಾಡುತ್ತಿರುವವರು ಯಾರೆಂಬ ಸಂದೇಹವು ಪ್ರೇಕ್ಷಕನಲ್ಲಿ ಉದ್ಭವಿಸೀತು.

ತಮ್ಮ: ಸವಣೂರಿನ ಗಿಟಾರಿನವನಿಗೆ ಮಠದ ದೊಡ್ಡಹುಣಸೆಯ ಬುಡವೇ ಬೇಕಂತೆ.

ಅಕ್ಕ: ಆಫ್ರಿಕಾ ಮೂಲದ ಆ ಮಹಾವೃಕ್ಷದ ಕಾಂಡವನ್ನು ಪೂರ್ತಿಯಾಗಿ ಚೌಕಟ್ಟಿನೊಳಗೆ ತರಬೇಕಾದರೆ ಕ್ಯಾಮೆರಾ ಎಷ್ಟು ಹಿಂದೆ ಸರಿಯಬೇಕೆಂದರೆ, ಗಿಟಾರಿನವನು ಕಾಣಿಸುವುದಿಲ್ಲ.

ತಮ್ಮ: ಅದು ಕೆಲವರಿಗೆ ಸಮ್ಮತವೇ. ಇನ್ನು ಹಿರೇಕೆರೂರಿನ ಕೀಬೋರ್ಡಿನವನು ಅಬಲೂರಿನ ಸೋಮೇಶ್ವರ ದೇಗುಲವನ್ನು ಸೂಚಿಸಿ, ಏಕಾಂತದ ರಾಮಯ್ಯನು ಶಿರಸ್ಸನ್ನು ಕತ್ತರಿಸಿ ಶಿವನಿಗೆ ಅರ್ಪಿಸಿದ ಪ್ರಸಂಗವನ್ನು ಗ್ರಾಫಿಕ್ಸಿನಲ್ಲಿ ತೋರಿಸಿ ಎನ್ನುತ್ತಾನೆ.

ಅಕ್ಕ: ರಾಮಯ್ಯನ ಶಿರಸ್ಸು ಏಳನೆಯ ದಿನ ಮರಳಿ ಬಂದಿತೆಂದು ಕಥೆ. ನಿಮ್ಮ ಕೀಬೋರ್ಡಿನವನದು ಗ್ರಾಫಿಕ್ಸಿನವನ ಬಾಕಿ ಹಣ ತೀರುವ ತನಕ ಬಾರದು. ನಿನ್ನ ಬಯಕೆ?

ತಮ್ಮ: ನಮ್ಮೂರಿನ ತಾರಕೇಶ್ವರ. ಆ ಶಿಲಾಕಮಲದ ಛತ್ತಿನ ಅಡಿಯಲ್ಲಿ ನಾನೊಬ್ಬನೇ ನಿಂತು...

ಅಕ್ಕ: ನೀನೊಬ್ಬನೇ ಎಂಬುದನ್ನು ಗಮನಿಸಿದೆ. ಅದು ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಚಿತ್ರೀಕರಣಕ್ಕೆ ಪೂರ್ವಾನುಮತಿ ಬೇಕು, ಶುಲ್ಕ ಕಟ್ಟಬೇಕು. ಬ್ಯಾಂಡಿನ ಬೊಕ್ಕಸದಲ್ಲಿ ಎಷ್ಟಿದೆ?

ಅವ್ವ: (ಒಳಗಿನಿಂದ) ನನ್ನ ಕಡೆ ಇಸಗೊಂಡ ಐದನೂರು ಐತಿ!

ತಮ್ಮ: ಅಕ್ಕಾ, ಕೇಳು. ಅಮೆರಿಕೆಯಲ್ಲಿ ಓಕೆ ಗೋ ಎಂಬ ಬ್ಯಾಂಡುಂಟು. ಅದರ ಗಾಯಕ ಡೇಮಿಯನ್ ಕುಲಾಶನ ಅಕ್ಕ, ನೃತ್ಯಪಟು ತ್ರಿಶ್ ಸೀ, ಫ್ಲಾರಿಡಾದ ತನ್ನ ಮನೆಯಲ್ಲಿಯೇ ಎಂಟು ಟ್ರೆಡ್‌ಮಿಲ್‌ಗಳನ್ನು ಜೋಡಿಸಿ, ಆ ನಾಲ್ವರನ್ನು ಅವುಗಳ ಮೇಲೆ ಕುಣಿಸಿ, ಕತ್ತರಿಯಿಲ್ಲದ ಒಂದೇ ಶಾಟಿನಲ್ಲಿ ಚಿತ್ರೀಕರಿಸಿದ ಹಾಡು 2006ರಲ್ಲಿ ಲೋಕವನ್ನೇ ಸುತ್ತಿ, ಮರುವರ್ಷ ಗ್ರ್ಯಾಮಿ ಪ್ರಶಸ್ತಿಯನ್ನು ತಂದಿತು. ಒಪ್ಪಿಗೆಯಾದದ್ದು ಹದಿನೇಳನೆಯ ಟೇಕು.

ಅಕ್ಕ: (ಕನ್ನಡಕ ಸರಿಪಡಿಸಿಕೊಂಡು) ನಿರ್ದೇಶನದ ಕೀರ್ತಿ ಅಕ್ಕನಿಗೂ ಬಂದಿತೇ?

ತಮ್ಮ: ಹೆಸರು ಸಮೇತ.

ಅಕ್ಕ: ವಿಷಯವನ್ನು ಇಲ್ಲಿಂದ ಆರಂಭಿಸಬೇಕಿತ್ತು. ಟ್ರೆಡ್‌ಮಿಲ್ ನಮ್ಮಲ್ಲಿಲ್ಲ, ಹಿತ್ತಲಿನ ಬೇವಿನ ಮರವಿದೆ, ಪಂಚಮಿಯ ಜೋಕಾಲಿಯ ಹಗ್ಗ ಅಟ್ಟದ ಮೇಲಿದೆ. ಹಾಡಿನ ವೇಗ ಎಷ್ಟು?

ತಮ್ಮ: ನಿಮಿಷಕ್ಕೆ 120 ಪೆಟ್ಟು.

ಅಕ್ಕ: ಹಾಗಾದರೆ ಕೇಳು. ಲೋಲಕದ ಅವಧಿಯು ಹಗ್ಗದ ಉದ್ದವನ್ನು ಅವಲಂಬಿಸಿರುವುದರಿಂದ, ಜೋಕಾಲಿಯನ್ನು ನಾಲ್ಕು ಮೀಟರಿಗೆ ಕಟ್ಟಿದರೆ ಒಂದು ಪೂರ್ಣ ತೂಗಿಗೆ ನಾಲ್ಕು ಸೆಕೆಂಡು, ಅಂದರೆ ನಿಮ್ಮ ಹಾಡಿನ ಸರಿಯಾಗಿ ಎಂಟು ಪೆಟ್ಟು. ಒಬ್ಬೊಬ್ಬನೇ ಸರದಿಯಂತೆ ಕುಳಿತು ಹಾಡಿನೊಡನೆ ತೂಗಲಿ.

ತಮ್ಮ: ಕೀಬೋರ್ಡಿನವನು ಕ್ವಿಂಟಲ್ಲಿನ ಆಸಾಮಿ. ತಾಳ ತಪ್ಪುವುದಿಲ್ಲವೇ?

ಅಕ್ಕ: ಭಾರ ಎಷ್ಟಾದರೂ ಅವಧಿ ಬದಲಾಗದು. ಡ್ರಮ್ಮಿನವನಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದ ಲಯ ನಿಮ್ಮ ಬ್ಯಾಂಡಿಗೆ ದೊರೆಯುವುದು ಇದೇ ಮೊದಲಿರಬೇಕು.

ಅವ್ವ: (ಹೊರಗೆ ಬಂದು) ಅವಧಿ ಬದಲಾಗೂದಿಲ್ಲ ಖರೆ, ಟೊಂಗಿ ಮುರಿಯೂದಿಲ್ಲೇನ? ಪಂಚಮಿ ಇನ್ನೂ ಎಲ್ಲೈತಿ, ಈಗ ಗಂಡುಹುಡುಗರು ಜೋಕಾಲಿ ಜೀಕಿದ್ರ ಓಣಿ ಮಂದಿ ಏನಂದಾರು?

ತಮ್ಮ: ಓಣಿಯವರು ಏನಾದರೂ ಅನ್ನಲಿ ಎಂಬುದೇ ನಮ್ಮ ಉದ್ದೇಶ, ಅವ್ವ.

ಅವ್ವ: ಹಂಗಾರ ಟೊಂಗಿಗೆ ಎರಡು ಹಗ್ಗ ಹೆಚ್ಚಿಗಿ ಬಿಗೀರಿ. ಐದನೂರು ವಾಪಸ್ ಕೊಟ್ಟ ಮ್ಯಾಲ ಬೀಳ್ರಿ.

ಅಕ್ಕ: ಇನ್ನು ಆಜ್ಞೆಗಳು. ಶನಿವಾರ ಮುಂಜಾನೆ ಬಿಸಿಲು ಏರುವ ಮುನ್ನ ನಾಲ್ವರೂ ಹಿತ್ತಲಿನಲ್ಲಿರತಕ್ಕದ್ದು. ಹಾಡನ್ನು ಸ್ಪೀಕರಿನಲ್ಲಿ ಗಟ್ಟಿಯಾಗಿ ನುಡಿಸಿ ಅದಕ್ಕೆ ತುಟಿ ಆಡಿಸುವುದು. ಪ್ರತಿ ಟೇಕಿನ ಮೊದಲಿಗೆ ಮೊಬೈಲಿನ ಎದುರು ಹಾಡಿನ ಪೆಟ್ಟಿಗೆ ಸರಿಯಾಗಿ ಒಂದು ಚಪ್ಪಾಳೆ, ಆಮೇಲೆ ಮುದ್ರಿತ ಹಾಡನ್ನು ಚಿತ್ರಕ್ಕೆ ಕೂಡಿಸಲು ಗುರುತಾಗಲಿ ಎಂದು. 'ನಿರ್ದೇಶನ: ಅಕ್ಕ' ಎಂಬ ಅಕ್ಷರಗಳು ಬ್ಯಾಂಡಿನ ಹೆಸರಿಗಿಂತ ಚಿಕ್ಕವಾಗಿರಕೂಡದು.

ತಮ್ಮ: ಒಪ್ಪಿದೆ. ಸವಣೂರಿನವನು ಖಾರದ ಪೊಟ್ಟಣ ತರುತ್ತೇನೆಂದಿದ್ದಾನೆ, ತರಲೇ?

ಅಕ್ಕ: ತರಲಿ. ಆದರೆ ಸವಣೂರು ಖಾರವನ್ನು ಕೊನೆಯ ಟೇಕಿನ ತನಕ ಬಿಚ್ಚತಕ್ಕದ್ದಲ್ಲ. ಬಾಯಲ್ಲಿ ಖಾರ ಅಗಿಯುತ್ತ ಪ್ರೇಮಗೀತೆಗೆ ತುಟಿ ಆಡಿಸುವವನನ್ನು ಯಾವ ಎಡಿಟಿಂಗೂ ಉದ್ಧರಿಸಲಾರದು.