ಹರಿಯಬ್ಬೆಯ ಕಡಲಪಾಚಿ: ಲಕ್ಷಣ, ನಿದಾನ, ತೆರವು

ಉಪ್ಪುನೀರಿನ ಮೀನುತೊಟ್ಟಿಯ ಮರಳಿನ ಮೇಲೆ ಕೆಂಗಂದು ಲೋಳೆಯ ಹಚ್ಚಡ ಹೊದೆಸುವ ಜೀವಿಯನ್ನು ಲೋಕ ಪಾಚಿ ಎನ್ನುತ್ತದೆ; ಶಾಸ್ತ್ರ ಒಪ್ಪುವುದಿಲ್ಲ. ಅದು ಸಯನೊಬ್ಯಾಕ್ಟೀರಿಯ, ಅಂದರೆ ಬಿಸಿಲುಂಡು ಬದುಕುವ ಬ್ಯಾಕ್ಟೀರಿಯ. ಪಠ್ಯಪುಸ್ತಕಗಳು ಇದಕ್ಕೆ ನೀಲಿ ಹಸಿರು ಪಾಚಿ ಎಂದು ನಾಮಕರಣ ಮಾಡಿವೆ. ತೊಟ್ಟಿಯಲ್ಲಿ ಇದು ಬಹುಪಾಲು ನೀಲಿಯೂ ಅಲ್ಲ, ಹಸಿರೂ ಅಲ್ಲ, ಪಾಚಿಯಂತೂ ಅಲ್ಲವೇ ಅಲ್ಲ. ಮೂರು ಪದವೂ ಸುಳ್ಳಾದರೂ ಹೆಸರು ಗಟ್ಟಿಯಾಗಿ ನಿಂತಿರುವುದು ವಿದ್ವತ್ತಿನ ಬಲ. ಕೆಂಪಿಗೆ ಕಾರಣ ಫೈಕೋಎರಿಥ್ರಿನ್ ಎಂಬ ವರ್ಣದ್ರವ್ಯ.

ಹರಿಯಬ್ಬೆ ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ಊರು. ಕಡಲು ಘಟ್ಟದಾಚೆ, ಮಳೆಯೂ ಲೆಕ್ಕದ ಮಳೆ. ಇಂಥಲ್ಲಿ ಕಡಲಲೋಳೆಯ ಪ್ರಸ್ತಾಪವೇ ಅಸಂಗತ ಎಂಬುದು ಪೂರ್ವಪಕ್ಷ. ಇದಕ್ಕೆ ಉತ್ತರ ಅದೇ ತಾಲ್ಲೂಕಿನ ಮರಡಿಹಳ್ಳಿಯಲ್ಲಿದೆ. ಅಲ್ಲಿಯ ಬಂಡೆಗಳು ಮದುವೆಮನೆಯಲ್ಲಿ ಒಟ್ಟಿದ ದಿಂಬುಗಳಂತಿವೆ. ಲಾವಾ ನೀರಿನೊಳಗೆ ಉಕ್ಕಿ ತಟ್ಟನೆ ತಣಿದಾಗ ಬರುವ ಆಕಾರ ಅದು. ಸುಮಾರು 250 ಕೋಟಿ ವರ್ಷ ಹಳೆಯದೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಸ್ಮಾರಕವಾಗಿಸಿದೆ. ಚಿತ್ರದುರ್ಗ ಶಿಲಾಪಟ್ಟಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಟೊಲೈಟುಗಳೂ ಸಿಕ್ಕಿವೆ. ಲೋಳೆಹಾಸು ಮರಳುಕಣ ಹಿಡಿದು, ಪದರದ ಮೇಲೆ ಪದರ ಕಟ್ಟಿ, ಕೊನೆಗೆ ಕಲ್ಲಾದ ಗುರುತು ಅವು. ಆದ್ದರಿಂದ ಪಾಚಿ ತೊಟ್ಟಿಗೆ ಬಂತು ಎನ್ನುವುದು ತಪ್ಪು. ತೊಟ್ಟಿಯೇ ಪಾಚಿಯ ಊರಿಗೆ ಬಂದಿದೆ. ಪಹಣಿ ಯಜಮಾನನ ಹೆಸರಿನಲ್ಲಿದ್ದರೂ ಸ್ವಾಧೀನಾನುಭವ ಪಾಚಿಯದು. ಮುಂದೆ ಹೇಳುವುದೆಲ್ಲ ತೆರವಿನ ಕ್ರಮ.

ತೆರವಿಗೆ ಮುಂಚೆ ಒತ್ತುವರಿದಾರ ಯಾರೆಂದು ಗುರುತಿಸಬೇಕು. ಬೆರಳು ತಾಗಿದೊಡನೆ ಕಂದು ಧೂಳಾಗಿ ಚದುರಿದರೆ ಡಯಾಟಂ. ಹೊಸ ತೊಟ್ಟಿಯಲ್ಲಿ ತಾನೇ ಬಂದು ತಾನೇ ಹೋಗುತ್ತದೆ. ಸಿಂಬಳದೆಳೆಯಂತೆ ಜೋತಾಡಿದರೆ ಡೈನೋಫ್ಲಾಜೆಲೇಟ್. ಅದರ ಕಥೆ ಬೇರೆ, ಇದಕ್ಕಿಂತ ದುಃಖಕರ. ಕಾಯಿಸಿದ ಹಾಲಿನ ಕೆನೆಯಂತೆ ಅಗಲ ಹಾಳೆಯಾಗಿ ಎದ್ದುಬಂದರೆ ಪ್ರಸ್ತುತ ಜೀವಿ. ಬೆಳಿಗ್ಗೆ ತೆಳ್ಳಗಿದ್ದು, ಮಧ್ಯಾಹ್ನದ ಹೊತ್ತಿಗೆ ಮೈತುಂಬ ಗುಳ್ಳೆ ಏಳಿಸಿಕೊಂಡಿರುತ್ತದೆ. ಗುಳ್ಳೆಯೊಳಗಿನದು ಆಮ್ಲಜನಕ. ಭೂಮಿಯ ಗಾಳಿಗೆ ಮೊದಲು ಆಮ್ಲಜನಕ ತುಂಬಿದ್ದು ಇದರ ವಂಶವೇ. ಯಜಮಾನನ ಉಸಿರು ಸಹ ಒಂದು ಲೆಕ್ಕದಲ್ಲಿ ಕೈಗಡ. ತೆರವಿನ ಕಡತದಲ್ಲಿ ಇದನ್ನು ನಮೂದಿಸುವ ವಾಡಿಕೆಯಿಲ್ಲ.

ಕಾರಣಗಳಲ್ಲಿ ಮೊದಲನೆಯದು ನೀರು. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಬಂದರೆ ಅದು ಪಾಚಿಗೆ ಗೊಬ್ಬರ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದು ಕುಡಿಯಲು ಸರಿ, ತೊಟ್ಟಿಗೆ ಸಾಲದು. ತೊಟ್ಟಿಗೆ ಟಿಡಿಎಸ್ ಮಾಪಕದಲ್ಲಿ ಸೊನ್ನೆ ಬರಬೇಕು. ಹೀಗೆ ನೀರಿನಿಂದ ಲವಣವನ್ನೆಲ್ಲ ಹರಸಾಹಸದಿಂದ ತೆಗೆದ ಮೇಲೆ, ಅದೇ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಕಡಲಲವಣ ಬೆರೆಸಬೇಕು. ಶಾಸ್ತ್ರದಲ್ಲಿ ಇಂಥ ವಿಧಿಗೆ ಕಾರಣ ಕೇಳಬಾರದು ಎಂದಿದ್ದರೂ ಇಲ್ಲಿ ಕಾರಣವಿದೆ: ತೆಗೆದ ಲವಣ ಬೇರೆ, ಹಾಕುವ ಲವಣ ಬೇರೆ. ಅಡುಗೆಯ ಉಪ್ಪು ಸಲ್ಲದು.

ಎರಡನೆಯ ಕಾರಣ ಅನ್ನದಾನ. ಮೀನು ಬಾಯಿ ತೆರೆದಾಗಲೆಲ್ಲ ಹಸಿದಿದೆ ಎಂದು ತಿಳಿದು ಚಿಟಿಕೆ ಚಿಟಿಕೆ ಸುರಿದ ಆಹಾರ ಮರಳಿಗಿಳಿದು ಕೊಳೆತು ನೈಟ್ರೇಟ್, ಫಾಸ್ಫೇಟ್ ಆಗುತ್ತದೆ. ಇದನ್ನು ಕಂಡು ರೇಗಿ ನೈಟ್ರೇಟನ್ನು ಸೊನ್ನೆಗೆ ಇಳಿಸುವುದೂ ಎಡವಟ್ಟು. ಸಯನೊಬ್ಯಾಕ್ಟೀರಿಯಗಳಲ್ಲಿ ಕೆಲವು ನೀರಿನಲ್ಲಿ ಕರಗಿದ ಗಾಳಿಯ ಸಾರಜನಕವನ್ನೇ ಉಣ್ಣಬಲ್ಲವು. ಉಪವಾಸ ಬೀಳುವುದು ಎದುರಾಳಿ ಪಾಚಿಗಳು ಮಾತ್ರ.

ಮೂರನೆಯದೂ ಮುಖ್ಯವಾದದ್ದೂ ನಿಂತ ನೀರು. ಇದಕ್ಕೆ ಮದ್ದು ಊರಿನ ಹೆಸರಿನಲ್ಲೇ ಇದೆ: ಅಬ್ಬೆ ಎಂದರೆ ಹಳಗನ್ನಡದಲ್ಲಿ ತಾಯಿ. ಹರಿ ಎಂಬುದನ್ನು ದೇವರೆಂದು ಹಿಡಿಯಬಹುದು, ಹರಿಯುವ ಕ್ರಿಯೆಯೆಂದೂ ಹಿಡಿಯಬಹುದು. ತೊಟ್ಟಿಶಾಸ್ತ್ರಕ್ಕೆ ಎರಡನೆಯದು ಅನುಕೂಲ, ಅನುಕೂಲವಿದ್ದ ಕಡೆ ವ್ಯುತ್ಪತ್ತಿ ಹಚ್ಚುವುದು ಪಂಡಿತರ ಪಿತ್ರಾರ್ಜಿತ ಹಕ್ಕು. ಇದೇ ತಾಲ್ಲೂಕಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದು, ಮತ್ತೆ ಬೀಳಲು 2022ರ ತನಕ ಕಾಯಿಸಿತು. ತೊಟ್ಟಿಗೆ ಅಷ್ಟು ತಾಳ್ಮೆಯಿಲ್ಲ. ಅದರ ನೀರು ಗಂಟೆಗೆ ಇಪ್ಪತ್ತು ಸಲವಾದರೂ ಸುತ್ತಬೇಕು, ಪಂಪಿನ ಬಾಯಿ ಮರಳಿನ ಮೂಲೆಗಳ ಕಡೆಗೂ ತಿರುಗಿರಬೇಕು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಪಾಚಿಗೆ ಕರೆಂಟು ಬೇಡ.

ತೆರವು ಸೈಫನ್ ಕೊಳವೆಯಿಂದ ಆರಂಭ. ಹಾಳೆಯನ್ನು ಕೆದಕದೆ ಹೀರಿ ತೆಗೆದು, ವಾರಕ್ಕೊಮ್ಮೆ ಶೇಕಡ 10–15ರಷ್ಟು ನೀರು ಬದಲಿಸಬೇಕು. ಹಟ ಹಿಡಿದರೆ ಮೂರು ದಿನ ದೀಪವಾರಿಸಿ ಕಂಬಳಿ ಹೊದಿಸುವುದು. ಸತ್ತ ಲೋಳೆ ಕೊಳೆಯುತ್ತ ಆಮ್ಲಜನಕವನ್ನು ಕಬಳಿಸುವುದರಿಂದ ಗಾಳಿಪಂಪು ನಡೆದಿರಬೇಕು. ಎರಿಥ್ರೊಮೈಸಿನ್ ಹಾಕುವವರೂ ಇದ್ದಾರೆ. ಅದು ನಾಟುವುದೇ ಇದು ಪಾಚಿಯಲ್ಲ, ಬ್ಯಾಕ್ಟೀರಿಯ ಎಂಬುದಕ್ಕೆ ಸಾಕ್ಷಿ. ಆದರೆ ಅದು ತೀರ್ಪಲ್ಲ, ತಡೆಯಾಜ್ಞೆ: ಕಾರಣ ಉಳಿದರೆ ಅವಧಿ ಮುಗಿದೊಡನೆ ಅನುಭವದಾರ ಹಾಜರು. ತೊಟ್ಟಿಗೆ ಬೇಕಾದ ಬ್ಯಾಕ್ಟೀರಿಯಗಳಿಗೂ ಪೆಟ್ಟು ಬೀಳಬಹುದು.

ಹೀರಿ ತೆಗೆದ ಉಪ್ಪುನೀರನ್ನು ಅಡಿಕೆಯ ಬುಡಕ್ಕೆ ಸುರಿಯಬಾರದು. ತೆಂಗು ಒಂದಷ್ಟು ಸಹಿಸುತ್ತದೆ. ಬಕೆಟ್ಟನ್ನು ತೊಳೆದು ಕೈಗೆಟುಕುವಲ್ಲೇ ಇಡಬೇಕು, ಮುಂದಿನ ಭಾನುವಾರ ಮತ್ತೆ ಬೇಕಾಗುತ್ತದೆ.