ಆತ್ಮಕತೆಯನ್ನು ಎಂಟು ಮಡಿಕೆ ಮಾಡುವ ಕ್ರಮ

ಬೇಕಾಗುವ ಸಾಮಾನು: ಎ4 ಹಾಳೆ ಒಂದು, ಕಪ್ಪು ಪೆನ್ನು ಒಂದು, ಯಾರಿಗೂ ಹೇಳಬಾರದು ಅಂದುಕೊಂಡ ಸಂಗತಿ ಒಂದು. ಮೂರನೆಯದು ತೆಲಂಗಾಣದ ನಮ್ಮೂರು ಮರಿಕಲ್ಲಿನ ಯಾವ ಅಂಗಡಿಯಲ್ಲೂ ಸಿಗದು. ಮನೆಯಲ್ಲೇ ಹುಡುಕಿ, ಧಾರಾಳವಾಗಿರುತ್ತದೆ.

ನಾವು ಮಾಡಹೊರಟಿರುವುದು ‘ಭೂಗತ ಕಾಮಿಕ್ಸ್’. ಹಾಗೆಂದೊಡನೆ ಮುಂಬೈ ಡಾನ್‌ಗಳು ನೆನಪಾದರೆ ಗಾಬರಿ ಬೇಡ. 1968ರಲ್ಲಿ ರಾಬರ್ಟ್ ಕ್ರಂಬ್ ತನ್ನ ‘ಜ್ಯಾಪ್’ ಕಾಮಿಕ್ಸನ್ನು ಸ್ಯಾನ್‌ಫ್ರಾನ್ಸಿಸ್ಕೊದ ಬೀದಿಯಲ್ಲಿ ಕೂಸಿನ ತಳ್ಳುಗಾಡಿಯಲ್ಲಿಟ್ಟು ಮಾರಿದ. ನಮ್ಮಲ್ಲಿ ತಳ್ಳುಬಂಡಿಯೇನೋ ಇದೆ, ಅದರೊಳಗೆ ಮಿರ್ಚಿ ಇರುತ್ತದೆ.

ಸಂಗತಿ ಎಷ್ಟು ನಾಚಿಕೆಯದ್ದಾಗಿರಬೇಕು? 1972ರಲ್ಲಿ ಜಸ್ಟಿನ್ ಗ್ರೀನ್ ‘ಬಿಂಕಿ ಬ್ರೌನ್’ ಬರೆದು ತನ್ನ ಗೀಳನ್ನೇ ಬಯಲಿಗಿಟ್ಟ: ಮೈಯಿಂದ ಹೊರಟ ಕಾಣದ ಕಿರಣ ಚರ್ಚಿಗೆ ತಗಲೀತೆಂಬ ದಿಗಿಲು. ಅದಿಲ್ಲದಿದ್ದರೆ ತನ್ನ ‘ಮೌಸ್’ ಹುಟ್ಟುತ್ತಿರಲಿಲ್ಲ ಎಂದು ಆರ್ಟ್ ಸ್ಪೀಗಲ್‌ಮನ್ ಒಪ್ಪಿಕೊಂಡಿದ್ದಾನೆ. ಅಷ್ಟು ನಾಚಿಕೆ ಸಾಕು.

ಹಾಳೆಯನ್ನು ಎಂಟು ಮನೆ ಬೀಳುವಂತೆ ಮಡಚಿ ಬಿಚ್ಚಿ. ನಡುವಿನ ಉದ್ದಗೆರೆಯ ಮೇಲೆ, ಮಧ್ಯದ ಎರಡು ಮನೆಯಷ್ಟು ಮಾತ್ರ ಕತ್ತರಿ ಆಡಿಸಿ. ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಕ. ಪಿನ್ನು ಬೇಡ. (ನಾನು ಮೊದಲ ಸಲ ಆ ಕಡೆಯಿಂದ ಈ ಕಡೆಯವರೆಗೂ ಕತ್ತರಿಸಿ ಎರಡು ಚೀಟಿ ಮಾಡಿದೆ.)

ಚೌಕಟ್ಟಿಗೆ ಸ್ಕೇಲು ಹಿಡಿಯಬೇಡಿ. ಅವ್ವನ ನಾರಾಯಣಪೇಟೆ ಸೀರೆ ಹಾಸಿ ನೋಡಿ: ಮೈತುಂಬ ಖಾಲಿ ಚೌಕುಳಿ, ಗಲಾಟೆಯೆಲ್ಲ ಅಂಚಿನಲ್ಲಿ. ಹಾಗೆಯೇ ಬರೆಯಿರಿ. ಚೌಕವೇ ಬೇಡವೆಂದರೂ ಆಗುತ್ತದೆ. ಅಂಬೇಡ್ಕರರ ಬದುಕು ಹೇಳುವ ‘ಭೀಮಾಯಣ’ದಲ್ಲಿ (2011) ಗೊಂಡ ಕಲಾವಿದರಾದ ದುರ್ಗಾಬಾಯಿ, ಸುಭಾಷ್ ವ್ಯಾಮ್ ಜನರನ್ನು ಡಬ್ಬಿಯೊಳಗೆ ಕೂಡಿಹಾಕಲು ಒಪ್ಪಲಿಲ್ಲ. ಅವರಲ್ಲಿ ಮೆತ್ತನೆ ಮಾತಿನ ಗುಳ್ಳೆ ಹಕ್ಕಿಯ ಆಕಾರ, ವಿಷದ ಮಾತಿಗೆ ಚೇಳಿನ ಕೊಂಡಿ. ಇಲ್ಲೊಂದು ತೊಡಕು. ನಮ್ಮವ್ವನ ಒಂದೇ ವಾಕ್ಯಕ್ಕೆ ಹಕ್ಕಿ, ಚೇಳು ಎರಡೂ ಬೇಕು.

ಗುಳ್ಳೆಯೊಳಗಿನ ಭಾಷೆ: ಅಡುಗೆಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತೆಲುಗು, ಬೈಗುಳಕ್ಕೆ ಮೊದಲು ಬಾಯಿಗೆ ಬಂದದ್ದು. ಗದ್ವಾಲದ ನೇಕಾರರು ಹತ್ತಿಯ ಮೈಗೆ ರೇಷ್ಮೆಯ ಅಂಚು ಕೂಡಿಸುವುದಿಲ್ಲವೇ, ಹಾಗೆ. ಜೋಡಣೆ ಕಂಡರೆ ಕಾಣಲಿ.

ಎಚ್ಚರಿಕೆ: ಊರಿನಲ್ಲಿ ಜೆರಾಕ್ಸ್ ಮಾಡಿಸಬೇಡಿ. ಅಂಗಡಿಯವನು ನಿಮ್ಮಪ್ಪನನ್ನು ಬಲ್ಲ. ರಾಯಚೂರೂ ಬೇಡ, ಅಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ. ಮೆಹಬೂಬನಗರದ ಬಸ್ಸು ಹತ್ತಿ.

ನಾನು ಹತ್ತಿದೆ. ತೆಲುಗಿನ ಲಿಪಿ ನಮ್ಮದರ ಒಡಹುಟ್ಟು ಎಂಬುದನ್ನೇ ಮರೆತಿದ್ದೆ. ಅಂಗಡಿಯವನು ‘ಅವ್ವ’ ಎಂಬಲ್ಲಿ ಬೆರಳಿಟ್ಟ, ಪಕ್ಕದ ಚೇಳನ್ನು ನೋಡಿದ.

‘ಎನ್ನಿ?’ ಅಂದ, ಎಷ್ಟು ಪ್ರತಿ ಅಂತ.

‘ನಾಲುಗು’ ಅಂದೆ.

ಐದು ತೆಗೆದ.